ಹೊಟ್ಟೆಯೇ ಗುರಾಣಿಯಾದ ಮೀನು

ಬಿಳಿಚುಕ್ಕೆಯ ಪಫರ್ ಮೀನು ಹವಳದ ದಿಬ್ಬಗಳಲ್ಲಿ ಬಾಳುವ ಜೀವಿ. ಕೆಂಪು ಸಮುದ್ರ ಮತ್ತು ಆಫ್ರಿಕದ ಪೂರ್ವ ಕರಾವಳಿಯಿಂದ ಹವಾಯಿ, ಪನಾಮಾವರೆಗಿನ ಬೆಚ್ಚನೆಯ ನೀರಿನಲ್ಲಿ ಕಾಣಸಿಗುತ್ತದೆ. ನಮ್ಮ ಲಕ್ಷದ್ವೀಪದಲ್ಲೂ ಇದೆ. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದನ್ನು ವರ್ಣಿಸಿದ. ಈಗಿನ ವೈಜ್ಞಾನಿಕ ಹೆಸರು ಅರೋಥ್ರಾನ್ ಹಿಸ್ಪಿಡಸ್. ಉದ್ದ ಸುಮಾರು 50 ಸೆಂಟಿಮೀಟರ್ ತನಕ. ಬೂದುಗಂದು ಮೈಮೇಲೆ ಬಿಳಿ ಚುಕ್ಕೆಗಳು, ಎದೆಯ ಈಜುರೆಕ್ಕೆಯ ಬುಡದಲ್ಲಿ ಕಪ್ಪು ಮಚ್ಚೆ, ಅದರ ಸುತ್ತ ಬಳೆ ತೊಡಿಸಿದಂತೆ ಬಿಳಿ ಗೆರೆಗಳು. ಹಲ್ಲುಗಳು ಬೆಸೆದುಕೊಂಡು ಮೇಲೆರಡು, ಕೆಳಗೆರಡು ಫಲಕಗಳಾಗಿವೆ. ಗಿಳಿಯ ಕೊಕ್ಕಿನಂಥ ಈ ಬಾಯಿ ಏಡಿಯ ಚಿಪ್ಪನ್ನೂ ಹವಳದ ತುದಿಯನ್ನೂ ಪುಡಿಗಟ್ಟುತ್ತದೆ.

ಈಜಿನಲ್ಲಿ ಮಾತ್ರ ಈ ಮೀನು ಬಲು ನಿಧಾನ. ಬೆನ್ನಿನ ಮತ್ತು ಹೊಟ್ಟೆಯಡಿಯ ಚಿಕ್ಕ ಈಜುರೆಕ್ಕೆಗಳನ್ನು ಬೀಸುತ್ತ ಸಾಗುವ ಇದು ಓಡಿ ಪಾರಾಗುವುದು ಕಷ್ಟ. ಆದ್ದರಿಂದ ಶತ್ರು ಮೇಲೆರಗಿದಾಗ ಬಾಯಿಂದ ಗಟಗಟನೆ ನೀರು ನುಂಗುತ್ತದೆ. ಒಳಗೆ ಸೀರೆಯ ನೆರಿಗೆಯಂತೆ ಮಡಿಚಿಟ್ಟ ಜಠರವಿದೆ. ನೀರು ತುಂಬಿದಂತೆ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಅಡ್ಡಬರಲು ಪಕ್ಕೆಲುಬುಗಳೇ ಇಲ್ಲ. ಹೊಟ್ಟೆಯ ಚರ್ಮ ಎಳೆದಷ್ಟೂ ಹಿಗ್ಗಿ ಬಿಗಿಯಾಗುತ್ತದೆ, ಚರ್ಮದಲ್ಲಿನ ಕಿರುಮುಳ್ಳುಗಳು ನಿಮಿರುತ್ತವೆ. ಕೆಲವೇ ಕ್ಷಣಗಳಲ್ಲಿ ಮೀನು ನುಂಗಲಾರದ ಚೆಂಡು. ಈ ಕೆಲಸಕ್ಕೆಂದೇ ಮೀಸಲಾದ ಜಠರವು ಆಹಾರ ಅರಗಿಸುವುದನ್ನೇ ಬಿಟ್ಟಿದೆ; ಆ ಹೊಣೆ ಪೂರ್ತಿ ಕರುಳಿನದು.

ಉಬ್ಬಿದಾಗ ಮೀನು ಉಸಿರು ಬಿಗಿಹಿಡಿಯುತ್ತದೆಂಬ ನಂಬಿಕೆ ಬಹುಕಾಲ ಇತ್ತು. ಆಸ್ಟ್ರೇಲಿಯದ ಸಂಶೋಧಕರು 2014ರಲ್ಲಿ ಇದೇ ಕುಟುಂಬದ ಪುಟ್ಟ ಮೀನೊಂದನ್ನು ಪರೀಕ್ಷಿಸಿ, ಕಿವಿರುಗಳ ಉಸಿರಾಟ ನಿಲ್ಲುವುದಿಲ್ಲವೆಂದು ತೋರಿಸಿದರು. ಬದಲಿಗೆ ಆಮ್ಲಜನಕದ ಬಳಕೆ ಹಲವು ಪಟ್ಟು ಏರುತ್ತದೆ, ಯಥಾಸ್ಥಿತಿಗೆ ಬರಲು ಗಂಟೆಗಟ್ಟಲೆ ಬೇಕು. ಕಡಲಲ್ಲಿ ಮುಳುಗು ಹಾಕುವ ಪ್ರವಾಸಿಗರು ಮೋಜಿಗಾಗಿ ಇದನ್ನು ಕೆಣಕಿ ಉಬ್ಬಿಸುವುದು ಆದ್ದರಿಂದ ಕ್ರೌರ್ಯವೇ. ನೀರಿನಿಂದ ಮೇಲೆತ್ತಿದರೆ ಇನ್ನೂ ಅಪಾಯ: ಗಾಳಿ ನುಂಗಿದ ಮೀನು ಮರಳಿ ಬಿಟ್ಟರೂ ಮುಳುಗಲಾರದೆ ತೇಲಬಹುದು.

ಎರಡನೆಯ ರಕ್ಷಣೆ ವಿಷ. ಇದಕ್ಕೆ ಟೆಟ್ರೊಡೊಟಾಕ್ಸಿನ್ ಎಂಬ ಹೆಸರು ಕೊಟ್ಟವರು ಜಪಾನಿನ ವಿಜ್ಞಾನಿ ತಹಾರಾ ಯೋಶಿಜುಮಿ. ಯಕೃತ್ತು ಮತ್ತು ಅಂಡಾಶಯದಲ್ಲಿ ಇದು ಹೆಚ್ಚು, ಚರ್ಮದಲ್ಲೂ ಇರುತ್ತದೆ. ನರತಂತುಗಳಲ್ಲಿ ಸೋಡಿಯಂ ಹಾದುಹೋಗುವ ದ್ವಾರಗಳನ್ನು ಅದು ಮುಚ್ಚಿಬಿಡುತ್ತದೆ. ತುಟಿ, ನಾಲಗೆ ಜೋಮು ಹಿಡಿಯುತ್ತವೆ, ಸ್ನಾಯುಗಳು ಸೋಲುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ. ಬೇಯಿಸಿದರೂ ವಿಷ ಹೋಗುವುದಿಲ್ಲ, ಪ್ರತಿವಿಷವಿಲ್ಲ. ಕೃತಕ ಉಸಿರಾಟ ಕೊಟ್ಟು ಕಾಯುವುದೇ ಚಿಕಿತ್ಸೆ. 1774ರಲ್ಲಿ ನ್ಯೂ ಕ್ಯಾಲೆಡೋನಿಯದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಇಂಥದೇ ಮೀನಿನ ಯಕೃತ್ತು, ಮೊಟ್ಟೆಗಳ ರುಚಿ ನೋಡಿದ್ದನಷ್ಟೆ. ಬೆಳಗಿನ ಜಾವದ ಹೊತ್ತಿಗೆ ಕೈಗಳಿಗೆ ನೀರು ತುಂಬಿದ ಪಾತ್ರೆಯೂ ಹಕ್ಕಿಯ ಗರಿಯೂ ಒಂದೇ ತೂಕವೆನಿಸಿದವು. ಅದೇ ಮೀನಿನ ಒಳಭಾಗ ತಿಂದ ಹಂದಿ ಸತ್ತಿತ್ತು.

ಈ ವಿಷ ಮೀನು ತಾನೇ ತಯಾರಿಸಿದ್ದಲ್ಲ. ಕಡಲಿನ ಕೆಲವು ಬ್ಯಾಕ್ಟೀರಿಯಗಳು ಅದನ್ನು ಉತ್ಪಾದಿಸುತ್ತವೆ. ಆಹಾರದ ಮೂಲಕ ಅದು ಪಫರ್‌ನ ದೇಹದಲ್ಲಿ ಸಂಗ್ರಹವಾಗುತ್ತದೆ. ವಿಷರಹಿತ ಆಹಾರವಿಟ್ಟು ತೊಟ್ಟಿಯಲ್ಲಿ ಸಾಕಿದ ಪಫರ್‌ಗಳಲ್ಲಿ ವಿಷವಿಲ್ಲದಿರುವುದೇ ಇದಕ್ಕೆ ಸಾಕ್ಷಿ. ಪಫರ್‌ನ ಸೋಡಿಯಂ ದ್ವಾರಗಳ ರಚನೆ ಸ್ವಲ್ಪ ಬದಲಾಗಿರುವುದರಿಂದ ವಿಷ ಅಲ್ಲಿ ಗಟ್ಟಿಯಾಗಿ ಕೂರಲಾರದು. ಇಷ್ಟು ವಿಷವಿದ್ದೂ ಪಫರನ್ನು ತಿಂದು ಅರಗಿಸಿಕೊಳ್ಳುವ ಬೇಟೆಗಾರ ಪ್ರಾಣಿಗಳಿವೆ. ಹುಲಿ ಶಾರ್ಕ್ ಅವುಗಳಲ್ಲೊಂದು.