ಅಂಕಿಗಳನ್ನು ಅರ್ಥ ಮಾಡಿಕೊಳ್ಳಲು ಮಕ್ಕಳಿಗೆ ಕಲಿಸೋಣ

ಕೃಷ್ಣರಾಜಪುರದ ಸುತ್ತಮುತ್ತ ನಮ್ಮ ಮಕ್ಕಳು ದಿನವೂ ಎಷ್ಟೋ ಬೋರ್ಡುಗಳನ್ನು ನೋಡುತ್ತಾರೆ. ಓದಲು ಬಂದರಷ್ಟೇ ಸಾಲದು, ಮೂರು ಪ್ರಶ್ನೆ ಕೇಳಲೂ ಬರಬೇಕು.

ಮೊದಲನೆಯದು, ಎಷ್ಟಕ್ಕೆ? ತರಕಾರಿ ಗಾಡಿಯ ಹಲಗೆಯಲ್ಲಿ ‘30 ರೂಪಾಯಿ’ ಎಂದು ದಪ್ಪಕ್ಷರವಿದ್ದು, ‘ಅರ್ಧ ಕಿಲೋ’ ಎಂದು ಸಣ್ಣಕ್ಷರವಿದ್ದರೆ ಕಿಲೋಗೆ 60 ಆಯಿತು. ಪಕ್ಕದ ಗಾಡಿಯಲ್ಲಿ ಕಿಲೋಗೆ 50 ಎಂದಿದ್ದರೆ ಅದೇ ಅಗ್ಗ.

ಎರಡನೆಯದು, ಯಾವಾಗಿನದು? ಮೆಟ್ರೋ ರೈಲು ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರಕ್ಕೆ 2023ರ ಮಾರ್ಚ್ ತಿಂಗಳಿನಲ್ಲಿ ಬಂದಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಸಂಚಾರ ಆರಂಭವಾದದ್ದು ಅದೇ ವರ್ಷ ಅಕ್ಟೋಬರ್ 9ರಂದು. ನಡುವಿನ ತಿಂಗಳುಗಳ ನಕ್ಷೆ ಅಂದಿಗೆ ಸರಿ. ಅದನ್ನು ನಂಬಿ ಇಂದು ಹೊರಟವರು ಕೃಷ್ಣರಾಜಪುರದಲ್ಲಿ ಸುಮ್ಮನೆ ಇಳಿದು ಬಸ್ಸು ಹುಡುಕುವರು.

ಮೂರನೆಯದು, ಹೇಗೆ ತೋರಿಸಿದ್ದಾರೆ? ಉಪಾಧ್ಯಾಯರು ಒಂದು ವಾರದ ಟೊಮೆಟೊ ದರವನ್ನು ಮಕ್ಕಳಿಂದ ಬರೆಸಿ, ದಿನಕ್ಕೊಂದು ಕಂಬದಂತೆ ಚಿತ್ರ ಮಾಡಿಸಲಿ. ಕಂಬಗಳು ಸೊನ್ನೆಯಿಂದ ಏಳಬೇಕು. 40ರಿಂದ ಎಬ್ಬಿಸಿದರೆ 42ರ ಕಂಬಕ್ಕಿಂತ 44ರ ಕಂಬ ಎರಡು ಪಟ್ಟು ಎತ್ತರ ಕಾಣುವುದು. ಹೆಚ್ಚಿರುವುದು ಮಾತ್ರ ಎರಡೇ ರೂಪಾಯಿ! ಎರಡು ಬಗೆಯಲ್ಲೂ ಬರೆಸಿ ಪಕ್ಕಪಕ್ಕದಲ್ಲಿಡಿ. ಮಕ್ಕಳೇ ಗುಟ್ಟು ಕಂಡುಹಿಡಿಯುವರು.

ತಾಯಿತಂದೆಯರೇ, ಸಂತೆಗೆ ಹೋಗುವಾಗ ಮಕ್ಕಳನ್ನೂ ಕರೆದೊಯ್ಯಿರಿ. ಲೆಕ್ಕವನ್ನು ಅವರೇ ಹೇಳಲಿ. ಇಂದು ನಾಲ್ಕು ಕಾಸು ಉಳಿಸುವ ಜಾಣತನವೇ ನಾಳೆ ಸಾಲದ ಪತ್ರಕ್ಕೆ ರುಜು ಹಾಕುವ ಮುನ್ನ ಅವರನ್ನು ಕಾಯುವುದು.