ಆಂಡ್ರೊಮೆಡಾ ನಮ್ಮ ಗೆಲಾಕ್ಸಿಗೆ ಗುದ್ದುವ ವಿಡಿಯೊ: ನಿಜವೆಷ್ಟು?
ಪಾರಿಶ್ವಾಡದ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ವಿಡಿಯೊ ಬಂತು. ಎರಡು ಗೆಲಾಕ್ಸಿಗಳು ತಿರುಗುತ್ತಾ ಬಂದು ಒಂದಕ್ಕೊಂದು ಗುದ್ದುತ್ತವೆ. ಕೆಳಗೆ ‘ವಿಜ್ಞಾನಿಗಳಿಂದ ಖಚಿತ, ಭೂಮಿಯ ಅಂತ್ಯ’ ಎಂಬ ಬರಹ. ಆರನೇ ಕ್ಲಾಸಿನ ಅಣ್ಣನ ಮಗಳು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಮೊದಲಿಗೆ, ಅದನ್ನು ಯಾವ ಕ್ಯಾಮೆರಾವೂ ತೆಗೆದಿಲ್ಲ. ಗೆಲಾಕ್ಸಿಗಳು ಕೂಡಿಕೊಳ್ಳಲು ಕೋಟಿಗಟ್ಟಲೆ ವರ್ಷ ಬೇಕು. ದೂರದರ್ಶಕಕ್ಕೆ ಸಿಗುವುದು ಅದರ ಒಂದೇ ಒಂದು ಕ್ಷಣ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಶೋಧಕರು 2021ರಲ್ಲಿ ಮೂರು ಗೆಲಾಕ್ಸಿಗಳು ಕೂಡುತ್ತಿರುವುದನ್ನು ಗುರುತಿಸಿದಾಗಲೂ ಕಂಡದ್ದು ಅಷ್ಟೇ. ಹಿಂದೇನಾಗಿತ್ತು, ಮುಂದೇನು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಆ ಲೆಕ್ಕವೇ ಸಿಮ್ಯುಲೇಶನ್.

ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ 1941ರಲ್ಲಿ ಇದನ್ನು ಕಂಪ್ಯೂಟರ್ ಇಲ್ಲದೆ, 74 ಬಲ್ಬುಗಳಿಂದ ಮಾಡಿದ್ದರು! ದೂರ ಎರಡರಷ್ಟಾದರೆ ಬೆಳಕೂ ಗುರುತ್ವವೂ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತವೆ. ಹಾಗಾಗಿ ಬಲ್ಬುಗಳಿದ್ದ ಜಾಗದಲ್ಲಿ ಬೆಳಕನ್ನು ಅಳೆದು, ಅದನ್ನೇ ಸೆಳೆತವೆಂದು ಲೆಕ್ಕಿಸಿ, ಬಲ್ಬುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದರು. ಇಂದಿನ ಸೂಪರ್‌ಕಂಪ್ಯೂಟರ್‌ಗಳದ್ದೂ ಇದೇ ಕೆಲಸ, ಬಲ್ಬುಗಳ ಬದಲು ಕೋಟ್ಯಂತರ ಕಣಗಳು. 1972ರಲ್ಲಿ ಟೂಮ್ರೆ ಸಹೋದರರ ಕಂಪ್ಯೂಟರ್ ಲೆಕ್ಕದಲ್ಲಿ ಮೂಡಿದ ಉದ್ದನೆಯ ಬಾಲಗಳು ನಿಜವಾದ ಗೆಲಾಕ್ಸಿಗಳ ಫೋಟೊಗೆ ಹೊಂದಿದವು. ಈ ವಿಧಾನದ ಮೇಲೆ ನಂಬಿಕೆ ಬೆಳೆದದ್ದು ಹೀಗೆ.

ಇನ್ನು ‘ಖಚಿತ’ ಎಂಬ ಮಾತು. ಆಂಡ್ರೊಮೆಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ, ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತಿದೆ. ಸುಮಾರು 400 ಕೋಟಿ ವರ್ಷಗಳಲ್ಲಿ ಡಿಕ್ಕಿ ಆಗಿಯೇ ತೀರುತ್ತದೆ ಎಂದು 2012ರಲ್ಲಿ ನಾಸಾ ಹೇಳಿದ್ದು ನಿಜ. ಆದರೆ ಅದರ ತೂಕ, ಅಡ್ಡ ವೇಗಗಳ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಆ ಹೆಚ್ಚುಕಮ್ಮಿಯನ್ನೆಲ್ಲ ಸೇರಿಸಿ, ಪಕ್ಕದ ಸಣ್ಣ ಗೆಲಾಕ್ಸಿಗಳ ಸೆಳೆತವನ್ನೂ ಗಣನೆಗೆ ತಂದು, 2025ರಲ್ಲಿ ಹೆಲ್ಸಿಂಕಿಯ ಟಿಲ್ ಸವಾಲಾ ತಂಡ ಒಂದು ಲಕ್ಷ ಬಾರಿ ಸಿಮ್ಯುಲೇಶನ್ ಓಡಿಸಿತು. ಮುಂದಿನ 1,000 ಕೋಟಿ ವರ್ಷಗಳಲ್ಲಿ ಎರಡೂ ಕೂಡುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಎಂದು ಬಂತು. ನಾಣ್ಯ ಚಿಮ್ಮಿದಂತೆ! ವಿಡಿಯೊದಲ್ಲಿ ಕಂಡದ್ದು ಇಂಥ ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ.

ಕೂಡಿದರೂ ನಕ್ಷತ್ರಕ್ಕೆ ನಕ್ಷತ್ರ ಬಡಿಯುವುದು ತೀರಾ ಅಪರೂಪ. ಸೂರ್ಯನನ್ನು ಒಂದು ಮಿಲಿಮೀಟರ್‌ನ ಗಸಗಸೆ ಕಾಳು ಎಂದುಕೊಂಡು ಖಾನಾಪುರದಲ್ಲಿಟ್ಟರೆ, ಅತ್ಯಂತ ಹತ್ತಿರದ ಇನ್ನೊಂದು ಕಾಳು ಬೆಳಗಾವಿಯಷ್ಟು ದೂರದಲ್ಲಿರುತ್ತದೆ. ನಡುವೆ ಬರೀ ಖಾಲಿ.

ನಿಜ ಹೇಳಬೇಕೆಂದರೆ ಅದಕ್ಕೂ ಎಷ್ಟೋ ಮೊದಲೇ, ಸುಮಾರು 100 ಕೋಟಿ ವರ್ಷಗಳಲ್ಲಿ, ಸೂರ್ಯನ ಕಾವು ಏರಿ ಭೂಮಿಯಲ್ಲಿ ಬದುಕು ಕಷ್ಟವಾಗುತ್ತದೆ. ಇದನ್ನು ಅಣ್ಣನ ಮಗಳಿಗೆ ನಾನು ಹೇಳಲಿಲ್ಲ. ನವೆಂಬರ್ ನಡುವಿನ ರಾತ್ರಿ 9ಕ್ಕೆ ದೀಪಗಳಿಂದ ದೂರ ನಿಂತು ಉತ್ತರದಲ್ಲಿ ಎತ್ತರಕ್ಕೆ ನೋಡಿದರೆ ಆಂಡ್ರೊಮೆಡಾ ಬರಿಗಣ್ಣಿಗೇ ಮಸುಕಾದ ಮಚ್ಚೆಯಂತೆ ಕಾಣುತ್ತದೆ, ತೋರಿಸುತ್ತೇನೆ ಎಂದಿದ್ದೇನೆ.