ಮಳೆ ಬಂತಾ? ಹಾಲ್‌ನಲ್ಲಿ ಚೌಕಾಬಾರ ಹಾಕಿ!

ನಮ್ಮ ಮೂಡಲಪಾಳ್ಯದಲ್ಲಿ ಎಷ್ಟೋ ಮನೆಗಳಿಗೆ ಅಂಗಳ ಇಲ್ಲ. ಬೀದಿ ತುಂಬ ಗಾಡಿಗಳು. ಮಳೆ ಹಿಡಿದ್ರಂತೂ ಮಕ್ಕಳು ಮೊಬೈಲ್ ಬಿಡಲ್ಲ. ಒಂದು ಸೀಮೆಸುಣ್ಣ ತಗೊಳ್ಳಿ, ಹಾಲ್‌ನಲ್ಲೇ ಚೌಕಾಬಾರ ಬರೀರಿ.

ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ನಾಲ್ಕೂ ಬದಿಯ ನಡುಮನೆಗೆ, ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ, ಅವು ಕಟ್ಟೆ. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆಚೂರು, ಕಡ್ಲೆಕಾಳು, ಗುಂಡಿ, ಏನಾದ್ರೂ ಆಗತ್ತೆ. ಕವಡೆ ಇಲ್ವಾ? ನಾಲ್ಕು ಹುಣಸೆಬೀಜ ತಗೊಂಡು, ಒಂದು ಬದಿ ಬಿಳಿ ಕಾಣೋವರೆಗೆ ಕಲ್ಲಿಗೆ ಉಜ್ಜಿ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ನಡೆ. ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕು. ಒಂದೂ ಬೀಳದಿದ್ರೆ ಬಾರ, ಎಂಟು! ಎರಡಕ್ಕೂ ಇನ್ನೊಂದು ಸಲ ಹಾಕಬಹುದು.

ಆಟದ ಜೀವ ಇರೋದು ಎದುರಾಳಿ ಕಾಯಿ ಕಡಿಯೋದರಲ್ಲಿ. ಒಂದನ್ನಾದ್ರೂ ಕಡಿಯದೆ ಹೊರಸುತ್ತಿನಿಂದ ಒಳಸುತ್ತಿಗೆ ಹೋಗೋ ಹಾಗಿಲ್ಲ. ಕಟ್ಟೆಯಲ್ಲಿ ಕೂತ ಕಾಯಿನ ಯಾರೂ ಮುಟ್ಟೋ ಹಾಗಿಲ್ಲ. ಅಜ್ಜಿ ಕಾಯಿ ಕಟ್ಟೆ ಬಿಡೋದನ್ನೇ ಮೊಮ್ಮಗಳು ಕಾಯ್ತಾಳೆ, ಲೆಕ್ಕ ಹಾಕ್ತಾಳೆ. ಎಣಿಕೆ ಕಲಿಸೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಇಂಥ ಆಟ ಮನೆಗಷ್ಟೇ ಅಲ್ಲ, ಅರಮನೆಗೂ ಪ್ರಿಯ: ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಕೆಲವು ಮಣೆ ಆಟಗಳನ್ನ ರಚಿಸಿದ್ರು. ಮೈಸೂರಿನ ಜಗನ್ಮೋಹನ ಅರಮನೆ ಗೋಡೆ ಮೇಲೆ ಅವು ಚಿತ್ರವಾಗಿವೆ. ಮೈಸೂರಿನದೇ ಆದ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಇಂಥ ಹಳೇ ಆಟಗಳನ್ನ ಮತ್ತೆ ಜನರ ಮುಂದೆ ತಂದಿದೆ.

ಇಬ್ಬರೇ ಇದ್ರೆ ಅಳಗುಳಿಮಣೆ ತೆಗೀರಿ. ಜನ ಜಾಸ್ತಿ ಆದ್ರೆ ಚೌಕಾಬಾರದಲ್ಲಿ ಜೋಡಿ ಮಾಡ್ಕೊಳ್ಳಿ. ಈ ಭಾನುವಾರ ಪಕ್ಕದ್ಮನೆ ಮಕ್ಕಳನ್ನೂ ಕರೀರಿ, ನಿಮ್ಮನೆ ಅಜ್ಜಿ ಹೇಳೋ ನಿಯಮ ಏನು ಅಂತ ನಮಗೂ ಬರೆದು ತಿಳಿಸಿ.